ಎಂಟು ಇಂಚು ಮೇಲಕ್ಕೆ

ನಮ್ಮ ಕೌಂಟಿಯಲ್ಲಿ ಗಂಡಸಿನ ಯೋಗ್ಯತೆಯನ್ನು ನೆಲದಿಂದ ಅವನ ಪಿಕಪ್ ಟ್ರಕ್ಕಿನ ಬಂಪರಿನವರೆಗೆ ಅಳೆಯುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚರ್ಚಿನೊಳಗೆ ಕೇಳಿದರೆ, ಮನುಷ್ಯನ ಅಳತೆ ಅವನ ಹೃದಯದಲ್ಲಿದೆ ಎನ್ನುತ್ತಾರೆ. ಅದೇ ಚರ್ಚಿನ ಅಂಗಳಕ್ಕೆ ಬಂದು ನೋಡಿ. ಎತ್ತರದ ಟ್ರಕ್ಕಿನವನು ಮಾತಾಡುತ್ತಿರುತ್ತಾನೆ, ತಗ್ಗಿನ ಟ್ರಕ್ಕಿನವನು ತಲೆಯಾಡಿಸುತ್ತಿರುತ್ತಾನೆ.

ನಾನು ಇಪ್ಪತ್ತು ವರ್ಷ ತಲೆಯಾಡಿಸಿದವನು. ಹೆಸರು ವರ್ಲಿನ್ ಸ್ಟಬಲ್‌ಫೀಲ್ಡ್. ಅರ್ಕಾನ್ಸಾ ರಾಜ್ಯದ ಗುಡ್ಡದ ಸೀಮೆಯಲ್ಲಿ ಎರಡು ಕೋಳಿ ಶೆಡ್ಡು, ಒಬ್ಬಳು ಹೆಂಡತಿ, ಒಂದು ಹಳೆಯ ಟ್ರಕ್ಕು. ಕೋಪ ಸ್ವಲ್ಪ ಬೇಗ ಬರುತ್ತದೆ. ಸ್ವಲ್ಪ ಎಂದು ನಾನು ಹೇಳುತ್ತೇನೆ. ಹೆಂಡತಿ ನೆಲ್ಡಾಳನ್ನು ಕೇಳಬೇಡಿ.

ಒಂದು ದಿನ ನಾಲ್ಕು ದಾರಿ ಕೂಡುವಲ್ಲಿ ನಿಂತಿದ್ದೆ. ಪಕ್ಕದಲ್ಲಿ ನೆರೆಯವನಾದ ಗಾರ್ಲಂಡ್‌ನ ಟ್ರಕ್ಕು ಬಂದು ನಿಂತಿತು. ಅವನು ಆಗಷ್ಟೇ ತನ್ನ ಗಾಡಿಯನ್ನು ಎತ್ತರಿಸಿಕೊಂಡಿದ್ದ. ನನ್ನ ಕಿಟಕಿಗೆ ಅವನ ಚಕ್ರದ ನಟ್ಟುಗಳಷ್ಟೇ ಕಾಣುತ್ತಿದ್ದವು. ಮೇಲಿನಿಂದ ದನಿ ಬಂತು.

"ಏನೋ ವರ್ಲಿನ್, ಗಾಡೀಲಿ ಕೂತಿದೀಯೋ, ಇಲ್ಲ ಗುಂಡೀಲಿ ಬಿದ್ದಿದೀಯೋ?"

ನ್ಯಾಯಾಧೀಶರ ಮುಂದೆ ನಿಂತ ಕಳ್ಳನಂತೆ ಕತ್ತೆತ್ತಿ ಅವನಿಗೆ ಉತ್ತರ ಕೊಡಬೇಕಾಯಿತು. ಉತ್ತರ ಏನೆಂದು ಇಲ್ಲಿ ಬರೆಯುವಂತಿಲ್ಲ. ಆ ಸಂಜೆಯೇ ಟ್ರಕ್ಕನ್ನು ಆರು ಇಂಚು ಎತ್ತರಿಸುವ ಬಿಡಿಭಾಗಗಳ ಕಿಟ್ಟು, ಅದಕ್ಕೆ ತಕ್ಕ ದೊಡ್ಡ ಟೈರು ಎರಡನ್ನೂ ತರಿಸಲು ಹೇಳಿದೆ. ಟೈರಿನದೂ ಸೇರಿ ಒಟ್ಟು ಎಂಟು ಇಂಚು ಮೇಲಕ್ಕೆ.

ಕಿಟ್ಟಿನ ಜೊತೆ ಬಂದ ಪುಸ್ತಕದಲ್ಲಿ 'ಮನೆಯಲ್ಲಿರುವ ಸಾಮಾನ್ಯ ಸಾಮಾನುಗಳಿಂದ ನಾಲ್ಕು ಗಂಟೆಯ ಕೆಲಸ' ಎಂದು ಬರೆದಿತ್ತು. ಆ ಪುಸ್ತಕ ಬರೆದವನಿಗೆ ತುಕ್ಕು ಎಂಬ ಪದಾರ್ಥದ ಪರಿಚಯವಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಟ್ರಕ್ಕನ್ನು ಮನೆ ಪಕ್ಕದ ಚಪ್ಪರದಡಿ ಜಾಕ್ ಹಾಕಿ ಎತ್ತಿದೆ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ, ಚಕ್ರ ಬಿಚ್ಚಿದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಸ್ಪ್ರಿಂಗಿನ ಮೊದಲನೇ ಬೋಲ್ಟೇ ಅಲುಗಾಡಲಿಲ್ಲ. ಪಾನಾ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು. ನಾನು ಆಡಿದ ಮಾತಿಗೆ ಶೆಡ್ಡಿನ ಕೋಳಿಗಳೂ ಸುಮ್ಮನಾದವು.

ಆ ಮಾತು ಕೇಳಿಯೇ ಮಾವ ಬಂದರು. ನೆಲ್ಡಾಳ ಅಪ್ಪ ಹಾಲಿಸ್ ಟ್ಯಾಕೆಟ್. ಎಂಬತ್ತೊಂದು ವಯಸ್ಸು. ನಮ್ಮ ಹೊಲದ ಆ ತುದಿಯ ಸಣ್ಣ ಮನೆಯಲ್ಲಿ ಇದ್ದರು. ನಲವತ್ತು ವರ್ಷ ದಿಮ್ಮಿ ಸಾಗಿಸುವ ಲಾರಿಗಳ ರಿಪೇರಿ ಮಾಡಿದ ಕೈ. ಒಂದು ಸಲ ದಿಮ್ಮಿ ಉರುಳಿ ಬಲಮಂಡಿ ಹೋಗಿತ್ತು. ಡಾಕ್ಟರು ಕೋಲು ಹಿಡಿಯಿರಿ ಎಂದಾಗ, "ಕೋಲು ಮುದುಕರಿಗೆ" ಎಂದು ಎದ್ದು ಬಂದಿದ್ದರು. ಅಂದಿನಿಂದ ಎಲ್ಲಿಗೆ ಹೋದರೂ ಕೈಯಲ್ಲಿ ಉದ್ದ ಹಿಡಿಯ ಗುದ್ದಲಿ. ಕೇಳಿದರೆ ಕಳೆ ತೆಗೆಯಲು ಎನ್ನುತ್ತಿದ್ದರು. ಜನವರಿಯ ಹಿಮದಲ್ಲೂ ಕಳೆ ತೆಗೆಯಲು ಹೊರಟ ರೈತ ನಮ್ಮ ಕೌಂಟಿಯಲ್ಲಿ ಅವರೊಬ್ಬರೇ.

"ಬೆಂಕಿ ಕೊಡು," ಅಂದರು.

"ಎಣ್ಣೆ ಬಿಟ್ಟಿದೀನಿ ಮಾವ."

"ಎಣ್ಣೆ ತಲೆಗೆ ಹಚ್ಕೋ. ತುಕ್ಕಿಗೆ ಬೆಂಕಿನೇ ಬೇಕು."

ಕುರ್ಚಿ ಎಳೆದುಕೊಂಡು ಕೂತರು. ಎರಡು ದಿನ ಆ ಕುರ್ಚಿ ಬಿಡಲಿಲ್ಲ. ಬೆಂಕಿ ಕೊಟ್ಟ ಬೋಲ್ಟು ಬೆಣ್ಣೆಯಂತೆ ಬಿಚ್ಚಿಕೊಂಡಿತು. ಯಾವ ಸ್ಪ್ರಿಂಗು ಎಡದ್ದು, ಯಾವುದು ಬಲದ್ದು ಎಂದು ಕೂತಲ್ಲಿಂದಲೇ ಹೇಳಿದರು. ನಾನು ಎಲ್ಲ ಮುಗಿಯಿತೆಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದಾಗ ಗುದ್ದಲಿಯ ಹಿಡಿಯಿಂದ ಮುಂದಿನ ಚಕ್ರದ ಕಡೆ ತೋರಿಸಿದರು.

"ಗಾಡಿ ಎತ್ತಿದೆ, ಸರಿ. ಬ್ರೇಕಿನ ರಬ್ಬರ್ ಪೈಪನ್ನ ನಿಮ್ಮಪ್ಪ ಬಂದು ಉದ್ದ ಮಾಡ್ತಾನಾ?"

ನೋಡಿದೆ. ಹಳೆಯ ಪೈಪು ಗಿಟಾರಿನ ತಂತಿಯಂತೆ ಬಿಗಿದು ನಿಂತಿತ್ತು. ಮೊದಲ ಗುಂಡಿಯಲ್ಲೇ ಕಿತ್ತುಹೋಗುತ್ತಿತ್ತು, ಎರಡನೇ ಇಳಿಜಾರಿನಲ್ಲಿ ನಾನು ದೇವರನ್ನು ಕಾಣುತ್ತಿದ್ದೆ. ಉದ್ದದ ಪೈಪು ಪೆಟ್ಟಿಗೆಯ ತಳದಲ್ಲೇ ಇತ್ತು. ನಾನು ಅದನ್ನು ಬೇಡದ ಸಾಮಾನು ಎಂದು ಕೋಳಿ ಮೇವಿನ ಚೀಲದ ಹಿಂದೆ ಎಸೆದಿದ್ದೆ.

"ಇಷ್ಟೆತ್ತರ ಯಾಕೋ ನಿನಗೆ? ಯಾರನ್ನ ನೋಡ್ಬೇಕು?" ಎಂದು ಒಮ್ಮೆ ಕೇಳಿದರು.

"ಗಾರ್ಲಂಡ್‌ನ."

"ಅವನನ್ನ ಯಾವ ಎತ್ತರದಿಂದ ನೋಡಿದ್ರೂ ಅಷ್ಟೇ."

ನೆಲ್ಡಾ ಸಿಹಿ ಚಹಾ ತಂದು ಕೊಟ್ಟು ಒಂದು ಗಳಿಗೆ ನಿಂತು ನೋಡಿದಳು. ಅಪ್ಪ ನಕ್ಕಿದ್ದು ಕೇಳಿ ಎಷ್ಟು ದಿನವಾಗಿತ್ತು ಎಂದಳು. ನಾನು ಟ್ರಕ್ಕಿನ ಕೆಳಗಿದ್ದೆ. ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಸಂಜೆ ಟ್ರಕ್ಕನ್ನು ಸ್ಟ್ಯಾಂಡಿನಿಂದ ಇಳಿಸಿದೆ. ಇಳಿಸಿದ ಮೇಲೂ ಅದು ಮೇಲೆಯೇ ಇತ್ತು. ನಾನು ಮೂರು ಸುತ್ತು ಸುತ್ತಿದೆ. ಮಾವ ಬಾಗಿಲ ಪಕ್ಕ ನಿಂತು ಸೀಟನ್ನು ನೋಡಿದರು. ಸೀಟು ಅವರ ಎದೆಯ ಮಟ್ಟಕ್ಕಿತ್ತು.

"ಒಳ್ಳೆ ಕೆಲಸ," ಎಂದಷ್ಟೇ ಹೇಳಿ ಗುದ್ದಲಿ ಊರಿಕೊಂಡು ಮನೆಗೆ ಹೋದರು.

ಇಲ್ಲಿ ಮಂಗಳವಾರದ ವಿಷಯ ಹೇಳಬೇಕು. ಪ್ರತಿ ಮಂಗಳವಾರ ಊರಿನ ದನದ ಹರಾಜು. ಮಾವನ ಬಳಿ ಒಂದು ಕರುವೂ ಉಳಿದಿರಲಿಲ್ಲ. ಆದರೂ ನನ್ನ ಜೊತೆ ಟ್ರಕ್ಕಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತು, ಕೊಂಡವರೆಲ್ಲ ಹೇಗೆ ಮೂರ್ಖರೆಂದು ಅವರಿಗೇ ವಿವರಿಸುತ್ತಿದ್ದರು. ಆಮೇಲೆ ಹರಾಜಿನ ಕೆಫೆಯಲ್ಲಿ ಬೀನ್ಸು, ಮೆಕ್ಕೆಜೋಳದ ರೊಟ್ಟಿ. ಎರಡು ವರ್ಷದ ಹಿಂದೆ ಅಂಚೆ ಪೆಟ್ಟಿಗೆಗೆ ಗುದ್ದಿ ಲೈಸೆನ್ಸು ಕಳೆದುಕೊಂಡ ಮೇಲೆ ಅವರಿಗೆ ಹೊರಗಿನ ಪ್ರಪಂಚ ಎಂದರೆ ಅದೊಂದೇ ದಿನ. ಪೆಟ್ಟಿಗೆಯನ್ನು ಯಾರೋ ಸರಿಸಿಟ್ಟಿದ್ದರು ಎಂಬುದು ಅವರ ವಾದ. ವಾರದ ಏಳು ದಿನದಲ್ಲಿ ಆ ದಿನಕ್ಕೆ ಮಾತ್ರ ಗಡ್ಡ ಬೋಳಿಸುತ್ತಿದ್ದರು. ಮಂಗಳವಾರ ನೆಲ್ಡಾ ತನ್ನ ಕಾರಿನಲ್ಲಿ ಶಾಲೆಯ ಅಡುಗೆಮನೆ ಕೆಲಸಕ್ಕೆ ಹೋಗುವುದರಿಂದ ನನ್ನ ಟ್ರಕ್ಕೇ ಅವರಿಗೆ ಗತಿ.

ಆ ಮಂಗಳವಾರ ಅವರ ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಹೊಸದಾಗಿ ಬೋಳಿಸಿದ ಗಲ್ಲ, ಒಗೆದ ಅಂಗಿ. ಬಾಗಿಲು ತೆಗೆದರು. ಹಿಡಿಗೆ ಕೈ ಹಾಕಿದರು. ಎಡಗಾಲು ಎತ್ತಿದರು, ಇಳಿಸಿದರು. ಬಲಗಾಲು ನೋಡಿಕೊಂಡರು.

"ಯಾಕೋ ಹೊಟ್ಟೆ ಸರಿಯಿಲ್ಲ. ನೀನು ಹೋಗು."

ಕಣ್ಣಿದ್ದ ಯಾವ ಮೂರ್ಖನಿಗೂ ಇದು ಅರ್ಥವಾಗುತ್ತಿತ್ತು. ನಾನು ಯಾವನೋ ಮೂರ್ಖನಲ್ಲ, ಸ್ವಂತ ದುಡಿಮೆಯಿಂದ ಮೇಲೆ ಬಂದ ಮೂರ್ಖ. ಹೊಟ್ಟೆಗೆ ಸೋಡಾ ಕುಡಿಯಿರಿ ಎಂದು ಹೇಳಿ ಹೊರಟೆ.

ಎರಡನೇ ಮಂಗಳವಾರ ಅವರಿಗೆ ಬೀನ್ಸ್ ಸಾಲಿನಲ್ಲಿ ಕಳೆ ತೆಗೆಯುವುದಿತ್ತು. ಮೂರನೆಯದಕ್ಕೆ ಯಾರೋ ಬರುವವರಿದ್ದರು. ಅವರ ಮನೆಗೆ ಕಳೆದ ಕ್ರಿಸ್‌ಮಸ್‌ನಿಂದ ಯಾರೂ ಬಂದಿರಲಿಲ್ಲ. ಆಗ ನನಗೆ ಎಲ್ಲ ಹೊಳೆಯಿತು ಎಂದುಕೊಂಡೆ. ಇಷ್ಟೆತ್ತರ ಯಾಕೆ ಎಂದು ಕೇಳಿದ್ದರಲ್ಲ! ನನ್ನ ಟ್ರಕ್ಕು ಅವರಿಗೆ ಜಂಬದ ಗಾಡಿಯಾಗಿ ಕಂಡಿದೆ, ಅದರಲ್ಲಿ ಕೂರಲು ಅವರಿಗೆ ನಾಚಿಕೆ. ನನಗೆ ತಲೆ ಕೆಟ್ಟಿತು.

"ಎರಡು ದಿನ ಕೂತು ಕಟ್ಟಿಸಿದ್ದು ನೀವೇ. ಈಗ ಕೂರೋಕೆ ಅವಮಾನವಾ? ಬರದಿದ್ರೆ ಬಿಡಿ. ಇನ್ಮೇಲೆ ನಿಮ್ಮ ಬಾಗಿಲಿಗೆ ಬಂದು ಹಾರ್ನ್ ಹೊಡೀತೀನಾ ನೋಡಿ!"

ಮಾವ ಗುದ್ದಲಿ ಊರಿಕೊಂಡು ಒಳಗೆ ಹೋದರು. ಒಂದು ಬೈಗುಳವನ್ನೂ ಬಯ್ಯದೆ ಹೋದದ್ದೇ ದೊಡ್ಡ ಸುದ್ದಿ. ಅದೂ ನನಗೆ ತಿಳಿಯಲಿಲ್ಲ.

ಅಂದು ಕೆಫೆಯಲ್ಲಿ ವಾನೀಟಾ ಕಾಫಿ ಸುರಿಯುತ್ತ ಕೇಳಿದಳು. ಆ ಕೆಫೆ ನಡೆಸುವವಳು ಅವಳು. ಕಾಫಿಗಿಂತ ಸುದ್ದಿಯನ್ನು ಬಿಸಿಯಾಗಿ ಬಡಿಸುತ್ತಾಳೆ.

"ಹಾಲಿಸ್ ಎಲ್ಲಿ? ಮೂರು ವಾರ ಆಯ್ತು."

"ನನ್ನ ಜೊತೆ ಬರೋದಿಲ್ವಂತೆ."

"ಯಾಕಂತೆ?"

"ಅವರನ್ನೇ ಕೇಳು."

ಅವಳು ಅವರನ್ನು ಕೇಳಲಿಲ್ಲ. ಬೇರೆ ಎಲ್ಲರನ್ನೂ ಕೇಳಿದಳು. ನನ್ನ ಮೊದಲ ಲೋಟ ಮುಗಿಯುವಷ್ಟರಲ್ಲಿ ಅಳಿಯ ಮಾವನಿಗೆ ಮನಸ್ತಾಪವಾಗಿತ್ತು. ಎರಡನೇ ಲೋಟಕ್ಕೆ ಮಾವ ತಮ್ಮ ಹೊಲವನ್ನು ಚರ್ಚಿಗೆ ಬರೆದಿದ್ದರು. ಹಣ್ಣಿನ ಪೈ ತಟ್ಟೆ ಬರುವ ಹೊತ್ತಿಗೆ ನೆಲ್ಡಾ ಗಂಟುಮೂಟೆ ಕಟ್ಟಿ ಅಕ್ಕನ ಮನೆಗೆ ಹೊರಟಿದ್ದಳು. ಪಕ್ಕದ ಮೇಜಿನವನು ನನ್ನ ಭುಜ ತಟ್ಟಿ, "ಗಟ್ಟಿಯಾಗಿರಪ್ಪ" ಎಂದ. ನಾನು ಅವನಿಗೆ ಕೊಟ್ಟ ಉತ್ತರದಿಂದ, ನನಗೆ ಕುಡಿತವೂ ಇದೆ ಎಂಬುದು ಸುದ್ದಿಗೆ ಸೇರಿಕೊಂಡಿತು.

ನಾಲ್ಕನೇ ವಾರ ಡೆಪ್ಯುಟಿ ಕೋಯ್‌ನ ಪೊಲೀಸು ಕಾರು ನಮ್ಮ ಅಂಗಳಕ್ಕೆ ಬಂತು.

"ಬೇಜಾರು ಮಾಡ್ಕೋಬೇಡಿ ವರ್ಲಿನ್. ಮುದುಕರನ್ನ ಮನೇಲಿ ಕೂಡಿಹಾಕಿದಾರೆ ಅಂತ ಯಾರೋ ಫೋನ್ ಮಾಡಿದ್ರು. ಒಂದ್ಸಲ ಕಣ್ಣಲ್ಲಿ ನೋಡಿ ಬರೀಬೇಕು, ಅಷ್ಟೇ."

"ನೋಡು. ಬಾಯಲ್ಲಿ ಕೇಳ್ಬೇಡ, ಕಚ್ತಾರೆ."

ಮಾವ ಜಗಲಿಯಲ್ಲಿದ್ದರು. ಮೂರು ವಾರದ ಗಡ್ಡ. ಕೋಯ್ ಟೋಪಿ ತೆಗೆದು, "ಹಾಲಿಸ್ ಅವರೇ, ನಿಮ್ಮನ್ನ ಯಾರಾದ್ರೂ ಹೊರಗೆ ಹೋಗದ ಹಾಗೆ ತಡೆದಿದಾರಾ?" ಎಂದು ಕೇಳಿದ.

"ತಡೆದಿದಾರೆ."

ಕೋಯ್ ಪುಸ್ತಕ ತೆಗೆದ.

"ಯಾರು?"

"ನೀನು. ನನ್ನ ಲೈಸೆನ್ಸ್ ಕಿತ್ಕೊಂಡು ಹೋಗಿದ್ದು ಯಾರು, ನಿಮ್ಮಜ್ಜಿನಾ? ಬರ್ಕೋ. ಹೆಸರು ಸರಿಯಾಗಿ ಬರಿ."

ಕೋಯ್ ಪುಸ್ತಕ ಮುಚ್ಚಿದ. 'ವೃದ್ಧರು ಆರೋಗ್ಯವಾಗಿದ್ದಾರೆ' ಎಂದು ಕಾರಿನಲ್ಲಿ ಕೂತು ಬರೆದ. ಆಮೇಲೆ ಇಳಿದು ಬಂದು ನನ್ನ ಟ್ರಕ್ಕಿನ ಕೆಳಗೆ ಬಗ್ಗಿ ನೋಡಿ, "ಎಷ್ಟು ಇಂಚು? ಮನೇಲೇ ಮಾಡಿದ್ದಾ?" ಎಂದು ಅರ್ಧ ಗಂಟೆ ನಿಂತ. ಸರ್ಕಾರ ನಮ್ಮಲ್ಲಿ ಹೀಗೆ ನಡೆಯುತ್ತದೆ, ನನಗೆ ದೂರಿಲ್ಲ.

ಪೊಲೀಸರಿಂದ ಆಗದ್ದು ದೇವರ ಪಾಲಿಗೆ ಬಿತ್ತು. ಭಾನುವಾರ ಪಾದ್ರಿ ಬ್ರದರ್ ಯೂಜೀನ್ ಬಾಬೆಲಿನ ಗೋಪುರದ ಮೇಲೆ ಉಪದೇಶ ಮಾಡಿದರು. ಮನುಷ್ಯ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಹೇಗೆ ಮೇಲೇರಿದ, ಏರಿದ ಮೇಲೆ ದೇವರು ಭಾಷೆ ಕೆಡಿಸಿದ್ದರಿಂದ ತನ್ನವರ ಮಾತೇ ಅವನಿಗೆ ಹೇಗೆ ತಿಳಿಯದಾಯಿತು ಎಂದು ನಲವತ್ತು ನಿಮಿಷ ಹೇಳಿದರು. ಇಡೀ ಸಭೆ ಪಾದ್ರಿಯನ್ನು ಬಿಟ್ಟು ನನ್ನನ್ನು ನೋಡುತ್ತಿತ್ತು. ಗಾರ್ಲಂಡ್‌ನ ಟ್ರಕ್ಕೂ ಹೊರಗೆ ಅಷ್ಟೇ ಎತ್ತರ ನಿಂತಿತ್ತು. ಆದರೆ ಅವನಿಗೆ ಮಾವ ಇರಲಿಲ್ಲ.

ನಾನು ಜಗಳಕ್ಕೆ ಸಿದ್ಧನಾಗಿ ಹೊರಗೆ ಕಾದು ನಿಂತೆ. ದೇವರ ಲೀಲೆ ನೋಡಿ: ಪಾದ್ರಿಯ ಕಾರಿನ ಬ್ಯಾಟರಿ ಸತ್ತಿತ್ತು, ನೆಲ್ಡಾ ಆಗಲೇ ತನ್ನ ಕಾರಿನಲ್ಲಿ ಹೊರಟಿದ್ದಳು, ಅಂಗಳದಲ್ಲಿ ಉಳಿದಿದ್ದು ನಾನೊಬ್ಬ.

"ವರ್ಲಿನ್, ಮನೆವರೆಗೆ ಬಿಡ್ತೀಯಾ?"

"ಗೋಪುರ ಹತ್ತೋದಾದ್ರೆ ಹತ್ತಿ."

ಬ್ರದರ್ ಯೂಜೀನ್‌ಗೆ ಅರವತ್ತು. ಕುಳ್ಳು, ದುಂಡಗೆ. ಹಿಡಿ ಹಿಡಿದು ಜೋತುಬಿದ್ದರು. ಒಂದು ಕಾಲು ಒಳಗೆ ಬಂತು, ಒಂದು ಕಾಲು ಅರ್ಕಾನ್ಸಾದ ಗಾಳಿಯಲ್ಲಿ ಉಳಿಯಿತು. ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ ಜಕ್ಕಾಯನ ಕಥೆಯನ್ನು ನೂರು ಸಲ ಹೇಳಿದವರು, ಈಗ ಮೊದಲ ಬಾರಿ ಅವನ ಕಷ್ಟ ತಿಳಿದರು. ನಾನು ಕಾಲರ್ ಹಿಡಿದು ಎಳೆದೆ. ಬೈಬಲ್ಲಿನ ಸಮೇತ ನನ್ನ ತೊಡೆಯ ಮೇಲೆ ಬಂದು ಬಿದ್ದರು. ಏದುಸಿರು ನಿಂತ ಮೇಲೆ ಹೇಳಿದರು:

"ಆ ಗೋಪುರ ಕಟ್ಟಿದವರ ಭಾಷೆ ಕೆಡಿಸೋ ಬದ್ಲು ದೇವರು ಅವರನ್ನ ಈ ಗಾಡಿ ಹತ್ತಿಸಿದ್ರೆ ಸಾಕಿತ್ತು ಕಣಪ್ಪ."

ನಾನು ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಪಾದ್ರಿಯ ಎರಡು ಮಂಡಿಯೂ ಗಟ್ಟಿ. ಮಾವನದು ಒಂದು. ಎತ್ತಿದ ಎಡಗಾಲು, ಇಳಿಸಿದ ಎಡಗಾಲು, ಬಲಗಾಲನ್ನು ನೋಡಿಕೊಂಡ ರೀತಿ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು. 'ಕೂರೋಕೆ ಅವಮಾನವಾ' ಎಂದು ನಾನೇ ಕೂಗಿದ್ದೂ ಕಿವಿಗೆ ಬಂತು. ಪಾದ್ರಿಯನ್ನು ಅವರ ಮನೆಯಲ್ಲಿ ಇಳಿಸಿದೆನೋ ಬೇರೆ ಯಾರ ಮನೆಯಲ್ಲಿ ಇಳಿಸಿದೆನೋ ನನಗೆ ನೆನಪಿಲ್ಲ.

ನೆಲ್ಡಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು.

"ಮಾವನಿಗೆ ಗಾಡಿ ಹತ್ತೋಕೆ ಆಗಲ್ಲ," ಎಂದೆ, ಅಮೆರಿಕವನ್ನು ಕಂಡುಹಿಡಿದವನ ಹಾಗೆ.

"ನಾಲ್ಕು ವಾರ ಬೇಕಾಯ್ತಾ?"

"ನಿಂಗೆ ಗೊತ್ತಿತ್ತಾ?"

"ಮೊದಲನೇ ಮಂಗಳವಾರವೇ."

"ಹೇಳ್ಬಾರ್ದಾಗಿತ್ತಾ, ಮಹರಾಯ್ತಿ! ಊರೆಲ್ಲ ನನ್ನ ಕುಡುಕ ಅಂತಿದೆ!"

"ಅಪ್ಪ ಮಾತು ತಗೊಂಡಿದ್ರು." ಹಿಟ್ಟಿನ ಕೈ ನಿಲ್ಲಿಸಿದಳು. "'ನಿನ್ನ ಗಂಡ ಎರಡು ದಿನ ನನ್ನನ್ನ ಪಕ್ಕ ಕೂರಿಸ್ಕೊಂಡು, ನಾನು ಹೇಳಿದ ಹಾಗೇ ಕೆಲಸ ಮಾಡಿದಾನೆ. ನನ್ನ ಮಾತು ಕೇಳೋರು ಯಾರಿದಾರೆ ಈಗ? ಆ ಸಂತೋಷ ಕೆಡಿಸ್ಬೇಡ, ಕಾಲಿನ ವಿಷಯ ಅವನಿಗೆ ಹೇಳ್ಬೇಡ' ಅಂದ್ರು."

ನಾನು ಕೂತೆ. ಬೋಲ್ಟು ಬಿಚ್ಚುವಾಗಲೇ, ಕಟ್ಟುವಾಗಲೇ, ಆ ಮನುಷ್ಯನಿಗೆ ಎತ್ತರದ ಲೆಕ್ಕ ಗೊತ್ತಿತ್ತು. ಎಡದ ಸ್ಪ್ರಿಂಗು ಯಾವುದೆಂದು ಕೂತಲ್ಲಿಂದ ಹೇಳಿದವರಿಗೆ ತಮ್ಮ ಮಂಡಿ ಎಷ್ಟು ಮೇಲೇಳುತ್ತದೆಂದು ಗೊತ್ತಿರಲಿಲ್ಲವೇ? ತಮ್ಮ ಮಂಗಳವಾರವನ್ನು ತಾವೇ ನನ್ನ ಕೈಗೆ ಒಂದೊಂದೇ ಪಾನಾ ಕೊಟ್ಟು ಬಿಚ್ಚಿಸಿದ್ದರು.

"ನಾಳೆನೇ ಎಲ್ಲ ಕಿತ್ತುಹಾಕ್ತೀನಿ. ಮೊದಲಿನ ಹಾಗೇ ಮಾಡ್ತೀನಿ."

"ಯಾಕೆ ಕಿತ್ತೆ ಅಂತ ಅಪ್ಪನಿಗೆ ಗೊತ್ತಾಗಲ್ವಾ? ಆಮೇಲೆ ಜನ್ಮದಲ್ಲಿ ನಿನ್ನ ಗಾಡಿ ಹತ್ತಲ್ಲ."

"ಒಂದು ಸ್ಟೂಲ್ ಇಟ್ರೆ?"

"ಆ ಸ್ಟೂಲಿಂದ ನಿನ್ನ ತಲೆ ಒಡೀತಾರೆ."

ಸತ್ಯ. ಕೋಲಿಗೆ ಗುದ್ದಲಿ ಎಂದು ಹೆಸರಿಟ್ಟವರಿಗೆ ಮೆಟ್ಟಿಲಿಗೂ ಬೇರೊಂದು ಹೆಸರು ಬೇಕಿತ್ತು. ರಾತ್ರಿ ಊಟದ ತಟ್ಟೆಯ ಮುಂದೆ ಯೋಚಿಸಿದೆ. ಬೆಳಿಗ್ಗೆ ಎದ್ದು ಗಾರ್ಲಂಡ್‌ನ ಮನೆಗೆ ಹೋದೆ. ಅವನ ಬಳಿ ಡಚೆಸ್ ಎಂಬ ಮುದಿ ಬೇಟೆನಾಯಿ ಇತ್ತು. ಹದಿಮೂರು ವರ್ಷ, ಕಿವಿ ಮಂದ, ಹೊಟ್ಟೆ ನೆಲಕ್ಕೆ.

"ನಾಯಿ ಕೊಡು."

"ನಾಯಿ ಕಂಡ್ರೆ ಕಲ್ಲು ಎತ್ಕೊಳ್ಳೋನಿಗೆ ನಾಯಿ ಯಾಕೋ?"

"ಅದಕ್ಕೆ ನಡೆಯೋಕಾಗುತ್ತಾ?"

"ಎರಡು ವರ್ಷದಿಂದ ಜಗಲಿ ಮೆಟ್ಲು ಹತ್ತಿಲ್ಲ ಪಾಪ. ಎತ್ಕೊಂಡೇ ಒಳಗೆ ಹಾಕ್ಬೇಕು."

"ಅಂಥದ್ದೇ ಬೇಕು. ನಾಳೆ ಒಂದು ದಿನಕ್ಕೆ. ಡಾಕ್ಟರ್‌ಗೆ ತೋರಿಸಿ ತರ್ತೀನಿ."

ಗಾರ್ಲಂಡ್ ನನ್ನನ್ನು ನೋಡಿದ. ನನ್ನ ಟ್ರಕ್ಕನ್ನು ನೋಡಿದ. ಹೊಲದ ಆ ತುದಿಯ ಮನೆಯ ಕಡೆ ನೋಡಿದ. ಹುಟ್ಟಿದಾಗಿನಿಂದ ಒಂದು ಕುಹಕವನ್ನೂ ನುಂಗದ ಮನುಷ್ಯ ಅಂದು ಏನೋ ನುಂಗಿದ.

"ನಾಳೆ ಮಂಗಳವಾರ," ಎಂದ. "ತಗೊಂಡು ಹೋಗು."

ಅಂದೆಲ್ಲ ಕೂತು ಹಳೆಯ ಗೇಟಿನ ಕಬ್ಬಿಣದಿಂದ ಎರಡು ಮೆಟ್ಟಿಲಿನ ಏಣಿ ಕಟ್ಟಿ, ಮುಂದಿನ ಬಾಗಿಲಿನ ಕೆಳಗೆ ವೆಲ್ಡಿಂಗ್ ಮಾಡಿ ಕೂರಿಸಿದೆ. ನನ್ನ ವೆಲ್ಡಿಂಗು ಹಕ್ಕಿ ಹಿಕ್ಕೆ ಹಾಕಿದಂತಿರುತ್ತದೆ, ಒಪ್ಪಿಕೊಳ್ಳುತ್ತೇನೆ.

ಮಂಗಳವಾರ ಮಾವನ ಮನೆ ಮುಂದೆ ನಿಲ್ಲಿಸಿದೆ. ಹಾರ್ನ್ ಹೊಡೆಯಲಿಲ್ಲ, ಹೊಡೆಯುವುದಿಲ್ಲ ಎಂದಿದ್ದೆನಲ್ಲ. ಇಳಿದು ಹೋಗಿ ಜಗಲಿಯ ಮುಂದೆ ನಿಂತೆ. ಕ್ಷಮಿಸಿ ಎನ್ನಲು ನನಗೆ ಶಾಲೆಯಲ್ಲಿ ಕಲಿಸಿರಲಿಲ್ಲ.

"ಮಾವ, ಒಂದು ಸಹಾಯ ಆಗ್ಬೇಕಿತ್ತು. ಗಾರ್ಲಂಡ್ ನಾಯಿಗೆ ಹುಷಾರಿಲ್ಲ. ದನದ ಡಾಕ್ಟರು ಇವತ್ತು ಹರಾಜಿಗೆ ಬಂದಿರ್ತಾರೆ. ನಾನು ಓಡಿಸ್ತೀನಿ, ನಾಯಿ ಹಿಡ್ಕೊಳ್ಳೋಕೆ ಒಬ್ರು ಬೇಕು."

"ಹಿಂದೆ ಹಾಕು. ನಾಯಿ ಹಿಂದೆ ಕೂರುತ್ತೆ."

"ಮುದಿ ನಾಯಿ. ಗಾಳಿ ಆಗಲ್ಲ. ಮುಂದೇನೇ ಕೂರಿಸ್ಬೇಕು. ಪಾಪ, ಹತ್ತೋಕೂ ಆಗಲ್ಲ ಅಂತ ಮೆಟ್ಲು ಬೇರೆ ಮಾಡಿದೀನಿ."

ನನ್ನ ಟ್ರಕ್ಕಿನೊಳಗೆ ನೆಲ್ಡಾಗೂ ಐಸ್‌ಕ್ರೀಮ್ ತಿನ್ನಲು ಬಿಡದವನು ನಾನು. ಮಾವ ನನ್ನ ಮುಖವನ್ನೇ ತುಂಬ ಹೊತ್ತು ನೋಡಿದರು. ಒಳಗೆ ಹೋದರು. ಹತ್ತು ನಿಮಿಷ ಬಿಟ್ಟು ಬಂದರು. ಗಡ್ಡ ಹೋಗಿತ್ತು, ಗಲ್ಲದ ಮೇಲೆ ಎರಡು ಕಡೆ ಕಾಗದದ ಚೂರು ಅಂಟಿತ್ತು.

ಬಾಗಿಲು ತೆಗೆದೆ. ಡಚೆಸ್ಸನ್ನು ಮೆಟ್ಟಿಲ ಹತ್ತಿರ ತಂದು ನಿಲ್ಲಿಸಿದೆ. ಸೀಟಿನ ಮೇಲೆ ನೆಲ್ಡಾ ಕೊಟ್ಟ ಹಂದಿಮಾಂಸದ ಬಿಸ್ಕಿಟ್ ರೊಟ್ಟಿಗಳ ಪೊಟ್ಟಣ ಬಿಸಿಬಿಸಿಯಾಗಿತ್ತು. ಇದನ್ನು ನಾನು ಯೋಚಿಸಿರಲಿಲ್ಲ. ನಾಯಿ ಮೂಗೆತ್ತಿತು. ಎರಡು ವರ್ಷ ಜಗಲಿ ಹತ್ತದ ಆ ಪ್ರಾಣಿ, ಕಿವಿ ಕೇಳದ ಆ ಅಜ್ಜಿ, ನೆಲದಿಂದ ಒಂದೇ ನೆಗೆತಕ್ಕೆ, ಮೆಟ್ಟಿಲನ್ನು ಮೂಸದೆ, ಜಿಂಕೆಮರಿಯ ಹಾಗೆ ಹಾರಿ ಸೀಟಿನ ಮೇಲೆ ಕೂತು, ಪೊಟ್ಟಣಕ್ಕೆ ಬಾಯಿ ಹಾಕಿತು.

ನಾನು ಆಕಾಶ ನೋಡಿದೆ. ಮೋಡ ಇರಲಿಲ್ಲ.

"ಮುದಿ ನಾಯಿ ಅಂದೆ," ಎಂದರು ಮಾವ.

"ಹೂಂ."

"ಹತ್ತೋಕಾಗಲ್ಲ ಅಂದೆ."

"ಹೂಂ."

ಮಾವ ಮೆಟ್ಟಿಲನ್ನು ನೋಡಿದರು. ನನ್ನ ಕೈಯ ಸುಟ್ಟ ಗುಳ್ಳೆಗಳನ್ನು ನೋಡಿದರು. ಆಮೇಲೆ ಯಾವ ಅವಸರವೂ ಇಲ್ಲದೆ ಎಡಗಾಲನ್ನು ಮೊದಲನೇ ಮೆಟ್ಟಿಲಿಗೆ ಇಟ್ಟರು, ಬಲಗಾಲನ್ನು ಜೊತೆಗೆ ತಂದರು, ಎರಡನೆಯದಕ್ಕೆ ಎಡಗಾಲು, ಮತ್ತೆ ಬಲಗಾಲು. ಕೂತರು. ನಾಯಿಯ ಬಾಯಿಂದ ಒಂದು ರೊಟ್ಟಿ ಬಿಡಿಸಿಕೊಂಡರು. ನಾನು ಬಾಗಿಲು ಹಾಕಿ ಸುತ್ತಿ ಬಂದು ಗಾಡಿ ಹೊರಡಿಸಿದೆ.

ಎರಡು ಮೈಲಿ ನಾಯಿ ಪೊಟ್ಟಣ ನೆಕ್ಕುತ್ತಿತ್ತು.

"ವೆಲ್ಡಿಂಗ್ ಚೆನ್ನಾಗಿಲ್ಲ," ಅಂದರು ಮಾವ.

"ನಾಯಿಗೆ ತಾನೆ ಮಾವ. ಅಷ್ಟು ಸಾಕು ಬಿಡಿ."

"ಸಾಕಾಗಲ್ಲ. ಮೆಟ್ಲು ಹತ್ತಿದ ನಾಯಿ ನೂರ ತೊಂಬತ್ತು ಪೌಂಡ್ ಇದೆ." ಕಿಟಕಿಯಿಂದ ಹೊರಗೆ ನೋಡುತ್ತ ರೊಟ್ಟಿ ಮುರಿದರು. "ನಾಳೆ ಬೆಳಿಗ್ಗೆ ಕುರ್ಚಿ ಹಾಕಿರು. ಬಂದು ಹೇಳ್ಕೊಡ್ತೀನಿ."